ವಾರಿಜತ್ತೆ ಒಪ್ಪಿಕೊಂಡ ಒಂದು ಹೇಳಿಕೆ

ಯಾವ ಯಂತ್ರವನ್ನು ಬಿಚ್ಚುವ ಮೊದಲೂ ವಾರಿಜತ್ತೆ ಹಿತ್ತಲಿಗೆ ಹೋಗಿ ಅಲ್ಲಿದ್ದ ಕಬ್ಬಿಣದ ನಲ್ಲಿಯನ್ನು ಮುಟ್ಟಿ ಬರುತ್ತಿದ್ದರು. ಕೈ ತೊಳೆಯುವ ಪ್ರಶ್ನೆಯೇ ಇರಲಿಲ್ಲ. ಆ ನಲ್ಲಿಯಲ್ಲಿ ನೀರು ಬಂದದ್ದನ್ನು ನಮ್ಮ ಮನೆಯಲ್ಲಿ ಯಾರೂ ಕಂಡಿರಲಿಲ್ಲ. ಮೈಲಾಪೂರಿನ ನಮ್ಮ ಬೀದಿಗೆ ನೀರು ಲಾರಿಯಲ್ಲಿ ಬಂದು, ಪ್ಲಾಸ್ಟಿಕ್ ಕೊಡಗಳಲ್ಲಿ ಒಳಗೆ ಬರುತ್ತಿತ್ತು. ನಲ್ಲಿ ಸುಮ್ಮನೆ ನೆಲದಿಂದ ಎದ್ದು ನಿಂತಿತ್ತು. ಮೈಮೇಲೆ ಸೇರಿಕೊಂಡ ಸಣ್ಣ ವಿದ್ಯುತ್ತು ಅದರ ಮೂಲಕ ನೆಲಕ್ಕೆ ಇಳಿದುಹೋಗಲಿ ಎಂದು ಅವರು ಹಾಗೆ ಮಾಡುತ್ತಿದ್ದರು. ಅಜ್ಜಿ ಮಾತ್ರ ಅದನ್ನು ಒಂದು ಬಗೆಯ ಮಡಿಯೆಂದೇ ತಿಳಿದಿದ್ದಳು.

"ಮುಟ್ಟಿ ಬಂದ್ಯಾ ವಾರಿಜಾ?" ಎಂದು ಉಯ್ಯಾಲೆಯ ಮೇಲಿಂದ ಕೇಳುತ್ತಿದ್ದಳು.

"ಬಂದೆ ಮಾಮಿ."

"ಹಂಗಾದ್ರೆ ಶುರು ಮಾಡು."

ಆಮೇಲೆ ಅವರು ಎಡಗೈಯ ಗಡಿಯಾರ, ಬಲಗೈಯ ಒಂಟಿ ಬಳೆ ಎರಡನ್ನೂ ತೆಗೆದು ಕಿಟಕಿಯ ಮೇಲಿಟ್ಟು, ಹಳೆಯ ಇಂಗ್ಲಿಷ್ ಪೇಪರು ಹಾಸಿ, ಊಟಕ್ಕೆ ಕೂರುವ ಮಣೆಯ ಮೇಲೆ ಕಾಲು ಮಡಚಿ ಕೂರುತ್ತಿದ್ದರು. ಎದುರಿಗೆ ಕಂಪ್ಯೂಟರಿನ ಡಬ್ಬ ಮಗ್ಗುಲಾಗಿ ಮಲಗಿರುತ್ತಿತ್ತು. ಸ್ಕ್ರೂಗಳನ್ನು ಅವರು ಇಡುತ್ತಿದ್ದದ್ದು ಒಂದು ಇಡ್ಲಿ ತಟ್ಟೆಯಲ್ಲಿ, ಒಂದೊಂದು ಗುಳಿಗೆ ಒಂದೊಂದು ಜಾತಿ.

ಇದು ಅವರ ನಿತ್ಯದ ಚಿತ್ರ ಎಂದು ಬರೆಯಲು ಹೊರಟೆ. ಬರೆದ ಕೂಡಲೇ ಅನುಮಾನ ಬರುತ್ತದೆ. ಇಡ್ಲಿ ತಟ್ಟೆಯನ್ನು ನಾನು ಕಂಡದ್ದು ಒಮ್ಮೆಯೋ ಎರಡು ಸಲವೋ. ನೆನಪು ಅದನ್ನೇ ಹಿಡಿದು ಎಲ್ಲ ದಿನಗಳಿಗೂ ಹಂಚಿಬಿಟ್ಟಿದೆ. ನಲ್ಲಿಯ ವಿಷಯ ಮಾತ್ರ ಖಂಡಿತ. ಅದಕ್ಕೆ ಸುಧಕ್ಕನೂ ಸಾಕ್ಷಿ ಇದ್ದಾಳೆ.

ಸಾಕ್ಷಿ ಎಂಬ ಮಾತು ವಾರಿಜತ್ತೆಯದೇ. ಅವರು ನಮಗೆ ನೆಂಟರಲ್ಲ. ನಾವಿದ್ದ ಹಳೆಯ ಮನೆಯ ಹಿಂದಿನ ಭಾಗದಲ್ಲಿ, ಒಂದೂವರೆ ಕೋಣೆಯಲ್ಲಿ, ಒಬ್ಬರೇ ಬಾಡಿಗೆಗೆ ಇದ್ದರು. ಅವರ ಗಂಡ ಒಂದು ವಿಮೆ ಕಚೇರಿಯಲ್ಲಿ ಗುಮಾಸ್ತರಾಗಿದ್ದರಂತೆ. ಮದುವೆಯಾದ ಕೆಲವೇ ವರ್ಷಕ್ಕೆ ತೀರಿಕೊಂಡರು. ಅದೇ ಕಚೇರಿಯವರು ಹೆಂಡತಿಗೆ ಅನುಕಂಪದ ಮೇಲೆ ಕೆಲಸ ಕೊಟ್ಟರು. ಕೊಟ್ಟವರಿಗೆ ಆಕೆ ಮೂಲೆಯಲ್ಲಿ ಕೂತು ಟಪಾಲಿಗೆ ಮುದ್ರೆ ಒತ್ತುತ್ತಾರೆ ಎಂಬ ಅಂದಾಜು ಇದ್ದಿರಬೇಕು. ವಾರಿಜತ್ತೆ ಪರೀಕ್ಷೆಗಳನ್ನು ಕಟ್ಟಿ ಕಟ್ಟಿ ಕ್ಲೇಮು ವಿಭಾಗಕ್ಕೆ ಹೋದರು. ಯಾರಾದರೂ ಸತ್ತರೆಂದು ವಿಮೆಯ ಹಣ ಕೇಳಿ ಅರ್ಜಿ ಬಂದಾಗ, ಅನುಮಾನ ಇದ್ದಲ್ಲಿ ಮನೆಗೇ ಹೋಗಿ ವಿಚಾರಿಸುವುದು ಅವರ ಕೆಲಸ.

ಒಮ್ಮೆ ಚೆಂಗಲ್ಪಟ್ಟಿನ ಕಡೆ ಯಾವುದೋ ಹಳ್ಳಿಯಲ್ಲಿ ಅವರು ಬಾಗಿಲು ತಟ್ಟಿದಾಗ ತೀರಿಕೊಂಡವರೇ ಬಂದು ತೆಗೆದರಂತೆ. ಇದನ್ನು ಅವರು ನಗದೆ ಹೇಳುತ್ತಿದ್ದರು. "ನಾನು ಏನ್ ಹೇಳ್ಬೇಕು ಹೇಳು? 'ಸಾರ್, ನೀವು ಹೋದ ತಿಂಗಳು ತೀರ್ಕೊಂಡಿದ್ದೀರಿ, ಅದರ ವಿಷಯ ಸ್ವಲ್ಪ ಮಾತಾಡ್ಬೇಕಿತ್ತು' ಅಂದೆ. ಮನುಷ್ಯ ಬಹಳ ಮರ್ಯಾದಸ್ಥ. 'ಉಳ್ಳೇ ವಾಂಗಮ್ಮಾ, ಒಳಗೆ ಬನ್ನಿ, ಕಾಫಿ ಕುಡೀರಿ' ಅಂದ. ಅವನ ಮಗ ಹಿತ್ತಲ ಕಡೆಯಿಂದ ಓಡಿದ್ದು ಮಾತ್ರ ಕೇಳಿಸ್ತು."

"ಕಾಫಿ ಕುಡಿದ್ರಾ ಅತ್ತೆ?"

"ಕುಡಿದೆ. ಸತ್ತವರ ಮನೇಲಿ ಅಷ್ಟು ಒಳ್ಳೆ ಕಾಫಿ ನಾನು ಬೇರೆ ಕಡೆ ಕುಡಿದಿಲ್ಲ."

ಕಚೇರಿಗೆ ಕಂಪ್ಯೂಟರು ಬಂದಾಗ ಅವರ ವಯಸ್ಸಿನವರೆಲ್ಲ ಬೇಗ ನಿವೃತ್ತಿ ತೆಗೆದುಕೊಂಡರು. ಇವರೂ ತೆಗೆದುಕೊಂಡರು, ಆದರೆ ತೆಗೆದುಕೊಂಡ ಮರುವಾರವೇ ಪಾತ್ರೆ ಅಂಗಡಿಯ ಮೇಲಿದ್ದ ಕಂಪ್ಯೂಟರ್ ಕ್ಲಾಸಿಗೆ ಸೇರಿದರು. ಅಲ್ಲಿದ್ದವರೆಲ್ಲ ಕಾಲೇಜು ಹುಡುಗರು. ಟೈಪು, ಲೆಕ್ಕ ಕಲಿಯಿರಿ ಆಂಟಿ ಎಂದರೆ ಒಪ್ಪದೆ ಬಿಚ್ಚಿ ಜೋಡಿಸುವ ಕೋರ್ಸನ್ನೇ ಕೇಳಿದರಂತೆ. "ಒಳಗೆ ಏನಿದೆ ಅಂತ ಗೊತ್ತಿಲ್ದೆ ಮೇಲೆ ಮೇಲೆ ಒತ್ತಿಕೊಂಡು ಕೂರೋದು ನನ್ನ ಕೈಲಿ ಆಗಲ್ಲ ಡಾ" ಎಂದು ನನಗೆ ಹೇಳಿದ್ದರು. ಮೊದಲೇ ನಮ್ಮ ಮಿಕ್ಸಿ, ಅವರ ಇಸ್ತ್ರಿಪೆಟ್ಟಿಗೆ, ಮನೆಯ ಯಜಮಾನರ ಕರೆಗಂಟೆ ಇವನ್ನೆಲ್ಲ ಅವರು ಬಿಚ್ಚಿ ನೋಡಿದ್ದರು. ಎಲ್ಲವೂ ಸರಿಹೋಗುತ್ತಿದ್ದವು ಎಂದೇನಲ್ಲ. ಕರೆಗಂಟೆ ಆಮೇಲೆ ಒತ್ತಿದಾಗ ಸುಮ್ಮನಿದ್ದು, ಬೆರಳು ತೆಗೆದಾಗ ಹೊಡೆಯುತ್ತಿತ್ತು. ಅದನ್ನು ಅವರು ಹಾಗೆಯೇ ಬಿಟ್ಟರು. ಯಾಕೆ ಹಾಗೆ ಎಂಬುದು ತಿಳಿಯುವವರೆಗೆ ಸರಿಮಾಡುವುದು ಅವರಿಗೆ ಬೇಕಿರಲಿಲ್ಲ.

ಕೆಟ್ಟ ಯಂತ್ರದ ಮುಂದೆ ಕೂತಾಗ ಅವರ ಮೊದಲ ಮಾತು ಯಂತ್ರದ ಬಗ್ಗೆ ಇರುತ್ತಿರಲಿಲ್ಲ. "ಕೊನೇಗೆ ಮುಟ್ಟಿದ್ದು ಯಾರು?" ಎಂದು ಮನೆಯವರನ್ನೆಲ್ಲ ಕೇಳುತ್ತಿದ್ದರು. ಯಾರೂ ಮುಟ್ಟಿರುತ್ತಿರಲಿಲ್ಲ. ಅದು ಅವರಿಗೆ ಗೊತ್ತೇ ಇತ್ತು. "ಏನೂ ಮಾಡಿಲ್ಲ ಅತ್ತೆ, ತಾನಾಗೇ ನಿಂತೋಯ್ತು" ಎಂದರೆ, "ಕಥೆ ಬೇಡ. ಏನ್ ಮಾಡ್ದೆ ಅದು ಹೇಳು. ಹೊರಗಾ, ಒಳಗಾ? ಮುಂಚೇನಾ, ಆಮೇಲಾ? ನೀನೇ ನೋಡಿದ್ಯಾ, ಯಾರಾದ್ರೂ ಹೇಳಿದ್ದಾ?" ಎಂದು ಮೂರು ಪ್ರಶ್ನೆ ಹಾಕುತ್ತಿದ್ದರು. ಆ ಮೂರು ಪ್ರಶ್ನೆಗಳಿಂದ ತಪ್ಪಿಸಿಕೊಂಡ ಸುಳ್ಳನ್ನು ನಾನು ಒಂದೇ ಒಂದು ನೋಡಿದ್ದೇನೆ. ಅದನ್ನು ಹೇಳುವುದಕ್ಕೇ ಇದನ್ನು ಬರೆಯುತ್ತಿರುವುದು.

ಹೇಳುವ ಮೊದಲು ಶುಕ್ರವಾರಗಳ ವಿಷಯ ಒಂದಿದೆ. ಶುಕ್ರವಾರ ಸಂಜೆ ದೀಪ ಹಚ್ಚಿದ ಮೇಲೆ ಬೀದಿಯ ಹೆಂಗಸರು ಒಬ್ಬಿಬ್ಬರು ನಮ್ಮ ಮನೆಗೆ ಬರುತ್ತಿದ್ದರು. ಅಮ್ಮ ಬೆಳ್ಳಿ ಬಟ್ಟಲು ಹಿಡಿದು ಅವರಿಗೆ ಅರಿಶಿನ ಕುಂಕುಮ ಕೊಡುತ್ತಿದ್ದಳು. ಆ ಹೊತ್ತಿಗೆ ಸರಿಯಾಗಿ ವಾರಿಜತ್ತೆ ಒಣಗಿದ ಬಟ್ಟೆ ತರಲು ಮಹಡಿಗೆ ಹೋಗುತ್ತಿದ್ದರು. ಎರಡು ಸೀರೆ, ಒಂದು ಟವಲು ತರಲು ಅಷ್ಟು ಹೊತ್ತು ಬೇಕೇ ಎಂದು ನನಗೆ ಅನಿಸಿದ್ದೇ ಇಲ್ಲ. ಅವರಿಗೆ ಮೇಲಿನ ಗಾಳಿ ಇಷ್ಟ ಎಂದುಕೊಂಡಿದ್ದೆ. ಗಂಡ ತೀರಿದವರು ಕುಂಕುಮದ ಬಟ್ಟಲು ಮುಟ್ಟಬಾರದು ಎಂಬುದು ಅಜ್ಜಿಯ ಕಾಲದ ಕಟ್ಟು. ಅಜ್ಜಿ ಅದನ್ನು ಬಾಯಿಬಿಟ್ಟು ಹೇಳಿದ್ದನ್ನು ನಾನು ಕೇಳಿಲ್ಲ. ಹೇಳುವ ಅಗತ್ಯ ಬಾರದ ಹಾಗೆ ವಾರಿಜತ್ತೆ ನಡೆದುಕೊಂಡಿದ್ದರು. ಬಾಕಿ ದಿನಗಳಲ್ಲಿ ಅದೇ ಅಜ್ಜಿ ಇವರಿಲ್ಲದೆ ಊಟಕ್ಕೆ ಏಳುತ್ತಿರಲಿಲ್ಲ.

ಇನ್ನು ಸುಧಕ್ಕ. ಅವಳು ನನ್ನ ಅಕ್ಕ. ಗಂಡನ ಮನೆಯಿಂದ ಒಂದು ಸೂಟ್‌ಕೇಸು ಹಿಡಿದು ಬಂದು ವರ್ಷದ ಮೇಲಾಗಿತ್ತು. ಯಾಕೆ ಬಂದಳು ಎಂಬುದನ್ನು ಅವಳು ಹೇಳಲಿಲ್ಲ, ಎಡ ಮೊಣಕೈ ಪೂರ್ತಿ ನೇರವಾಗುವುದಿಲ್ಲ ಎಂಬುದು ನಮಗೆ ಕಾಣುತ್ತಿತ್ತು. ಆ ಕಡೆಯಿಂದ "ಎಷ್ಟು ದಿನ ಅಂತ ಇಟ್ಕೋತೀರಿ" ಎಂದು ಹೇಳಿ ಕಳಿಸುತ್ತಿದ್ದರು. ಅಪ್ಪ ರೈಲ್ವೆಯಲ್ಲಿ ಗಾರ್ಡು. ಮನೆಯಲ್ಲಿ ಇರುತ್ತಿದ್ದದ್ದೇ ಕಡಿಮೆ, ಇದ್ದಾಗ ಅಜ್ಜಿಯ ಮಾತು ಮೀರುತ್ತಿರಲಿಲ್ಲ. ಅಜ್ಜಿ ಒಂದು ದಿನ ತೀರ್ಪು ಹೇಳಿದಳು. "ನಿಂಗೆ ಅಂತ ಒಂದು ಕೆಲಸ ನಿಂತರೆ ಇಲ್ಲೇ ಇರು. ಇಲ್ದಿದ್ರೆ ಪೊಂಗಲ್ ಆದ್ಮೇಲೆ ನಾನೇ ಕೂತು ಮಾತಾಡಿ ಕಳಿಸ್ತೀನಿ."

ಆಗ ಹೊಸದಾಗಿ ಒಂದು ಕೆಲಸ ಬಂದಿತ್ತು. ಅಮೆರಿಕದ ಡಾಕ್ಟರುಗಳು ರೋಗಿಗಳ ಬಗ್ಗೆ ಹೇಳಿ ಧ್ವನಿಮುದ್ರಿಸಿದ್ದನ್ನು ಇಲ್ಲಿ ಕೇಳಿಕೊಂಡು ಟೈಪು ಮಾಡುವುದು. ಮನೆಯಲ್ಲೇ ಕೂತು ಮಾಡಬಹುದಿತ್ತು. ಅಡಯಾರಿನ ಒಂದು ಚಿಕ್ಕ ಕಚೇರಿಯವರು ಸುಧಕ್ಕನಿಗೆ ಪರೀಕ್ಷೆಗೆಂದು ಕೆಲವು ಧ್ವನಿಗಳ ಸಿಡಿ ಕೊಟ್ಟು, ಸೋಮವಾರ ತಂದು ತೋರಿಸಿ ಎಂದಿದ್ದರು. ಸರಿಯಿದ್ದರೆ ಕೆಲಸ. ಆದರೆ ಅವರು ಕೊಟ್ಟ ಪ್ರೋಗ್ರಾಂ ನಮ್ಮ ಹಳೆಯ ಕಂಪ್ಯೂಟರಿನಲ್ಲಿ ನಡೆಯಲಿಲ್ಲ. ಡಾಕ್ಟರ ದನಿ ಒಂದು ಪದಕ್ಕೆ ಒಮ್ಮೆ ನಿಂತು ಬಿಕ್ಕುತ್ತಿತ್ತು.

"ರ್ಯಾಮ್ ಸಾಲದು" ಎಂದರು ವಾರಿಜತ್ತೆ. "ಇನ್ನೊಂದು ಹಾಕಿದ್ರೆ ಆಯ್ತು."

ಶುಕ್ರವಾರ ಮಧ್ಯಾಹ್ನ ಕಂಪ್ಯೂಟರ್ ಸಾಮಾನು ಸಿಗುವ ರಿಚ್ಚಿ ಸ್ಟ್ರೀಟಿಗೆ ಅವರೇ ಹೋಗಿ ತಂದರು. ನಾನೂ ಜೊತೆಗಿದ್ದೆ ಎಂದು ಬಹಳ ವರ್ಷ ನಂಬಿದ್ದೆ. ಬಸ್ಸಿನ ಕಿಟಕಿ, ಅವರ ತೊಡೆಯ ಮೇಲಿನ ಪೊಟ್ಟಣ ಎಲ್ಲ ಕಣ್ಣಿಗೆ ಕಟ್ಟುತ್ತದೆ. ಸುಧಕ್ಕ ಹೇಳುತ್ತಾಳೆ, ನೀನು ಅವತ್ತು ಕಾಲೇಜಿನಿಂದಲೇ ಬಂದಿರಲಿಲ್ಲ ಎಂದು. ಇರಲಿ. ಬಾಚಣಿಗೆಯಷ್ಟು ಉದ್ದದ ಹಸಿರು ಪಟ್ಟಿ ಅದು. ಮೈಮೇಲೆ ಸಾಲಾಗಿ ಕಪ್ಪು ಚಿಪ್ಪುಗಳು, ಕೆಳಗಿನ ಅಂಚಿನಲ್ಲಿ ಚಿನ್ನದ ಬಣ್ಣದ ಹಲ್ಲುಗಳು. ಕಂಪ್ಯೂಟರಿನೊಳಗಿನ ಉದ್ದನೆಯ ಸಂದಿನಲ್ಲಿ ಆ ಹಲ್ಲುಗಳು ಕೂತರೆ ಕೆಲಸ ಮುಗಿಯಿತು.

ಅವರು ಬಂದಾಗ ದೀಪ ಹಚ್ಚುವ ಹೊತ್ತು. ಈ ಭಾಗಕ್ಕೆ ನಾನಂತೂ ಇದ್ದೆ.

"ಹೊಸ ಸಾಮಾನು, ಒಂದು ಗಳಿಗೆ ದೇವರ ಮುಂದೆ ಇಟ್ಟು ತೆಗೀರಿ" ಎಂದಳು ಅಜ್ಜಿ. ನಮ್ಮ ಮನೆಗೆ ಬಂದ ಕುಕ್ಕರಿನಿಂದ ಹಿಡಿದು ನನ್ನ ಹಾಲ್‌ಟಿಕೆಟಿನವರೆಗೆ ಎಲ್ಲವೂ ದೇವರ ಮುಂದೆ ಕೂತು ಎದ್ದು ಬಂದವೇ. "ಲಲಿತಾ, ನೀನು ಇಟ್ಟು ಬಾ."

"ಕೈ ಎಲ್ಲಾ ದೋಸೆಹಿಟ್ಟು" ಎಂದಳು ಅಮ್ಮ ಅಡುಗೆಮನೆಯಿಂದ.

"ನಾನೇ ಇಡ್ತೀನಿ ಬಿಡಿ" ಎಂದು ವಾರಿಜತ್ತೆ ಒಳಗೆ ಹೋದರು. ಸ್ವಲ್ಪ ಹೊತ್ತಾದ ಮೇಲೆ ಅವರೇ ತಂದರು. ಆ ಸ್ವಲ್ಪ ಹೊತ್ತು ಎಷ್ಟು ಎಂದು ನನ್ನನ್ನು ಕೇಳಬೇಡಿ. ಇವತ್ತು ನನಗದು ಉದ್ದವಾಗಿ ಕಾಣುತ್ತದೆ. ಅವತ್ತು ನಾನು ಪೇಪರು ಹಾಸುತ್ತಿದ್ದೆ.

ನಲ್ಲಿ ಮುಟ್ಟಿದ್ದಾಯಿತು, ಗಡಿಯಾರ ಬಳೆ ತೆಗೆದದ್ದಾಯಿತು. ಹಳೆಯ ಪಟ್ಟಿಯ ಪಕ್ಕದ ಸಂದಿನಲ್ಲಿ ಹೊಸದನ್ನು ನಿಲ್ಲಿಸಿ, ಎರಡು ತುದಿಯಲ್ಲಿ ಹೆಬ್ಬೆರಳಿಟ್ಟು ಒತ್ತಿದರು. ಟಕ್ ಟಕ್ ಎಂದು ಎರಡು ಕೊಂಡಿಗಳು ಹಿಡಿದುಕೊಂಡವು. ಸುಧಕ್ಕ ಸ್ವಿಚ್ಚು ಹಾಕಿದಳು.

ಪರದೆ ಕಪ್ಪಾಗಿಯೇ ಇತ್ತು. ಡಬ್ಬದ ಒಳಗಿಂದ ಒಂದು ಉದ್ದನೆಯ ಕೂಗು ಬಂತು. ನಿಂತು, ಮತ್ತೆ ಬಂತು. ಮತ್ತೆ.

"ಅಯ್ಯೋ, ಏನತ್ತೆ ಇದು" ಎಂದಳು ಸುಧಕ್ಕ.

"ಕೂಗ್ತಿದೆ ಅಂದ್ರೆ ಜೀವ ಇದೆ. ಕೂಗದೆ ಇದ್ದಿದ್ರೆ ನಾನೂ ಹೆದರ್ತಿದ್ದೆ." ಅವರು ಕಿವಿಗೊಟ್ಟು ಕೇಳಿದರು. ಮುಖದಲ್ಲಿ ನಿಜವಾಗಿಯೂ ಸಂತೋಷವಿತ್ತು. ಕೆಟ್ಟದ್ದು ಯಾಕೆ ಕೆಟ್ಟಿತೆಂದು ಹುಡುಕುವ ಮೊದಲ ಗಳಿಗೆಯಲ್ಲಿ ಅವರ ಮುಖ ಹಾಗಾಗುತ್ತಿತ್ತು. "ಉದ್ದ ಕೂಗು. ರ್ಯಾಮ್ ಸಿಕ್ತಿಲ್ಲ ಅಂತ ಹೇಳ್ತಿದೆ."

ಎರಡನ್ನೂ ತೆಗೆದು ಅದಲು ಬದಲು ಮಾಡಿ ಹಾಕಿದರು. ಅದೇ ಕೂಗು. ಹೊಸದನ್ನು ತೆಗೆದು ಹಳೆಯದೊಂದನ್ನೇ ಬಿಟ್ಟರು. ಆಗಲೂ ಕೂಗಿತು. ಈಗ ಅವರ ಮುಖದ ಸಂತೋಷ ಹೋಯಿತು. ಮಧ್ಯಾಹ್ನದವರೆಗೆ ಬಿಕ್ಕುತ್ತಲಾದರೂ ನಡೆಯುತ್ತಿದ್ದ ಯಂತ್ರ ಈಗ ಪೂರ್ತಿ ಹೋಗಿತ್ತು. ಅಷ್ಟರಲ್ಲಿ ಬೀದಿಗೇ ಕರೆಂಟು ಹೋಯಿತು. ಕುಂಕುಮಕ್ಕೆ ಬಂದ ಹೆಂಗಸರ ದನಿ ಜಗುಲಿಯಲ್ಲಿ ಕೇಳಿತು. ವಾರಿಜತ್ತೆ ಬಟ್ಟೆ ತರಲು ಮಹಡಿಗೆ ಹೋದರು.

ಕತ್ತಲಲ್ಲಿ ಅಜ್ಜಿಯ ಉಯ್ಯಾಲೆಯ ಕೊಂಡಿ ಕಿರುಗುಟ್ಟುತ್ತಿತ್ತು. "ಆ ಪೆಟ್ಟಿಗೇನ ನಂಬಿ ಎಷ್ಟು ದಿನ ಕೂರೋದು ಸುಧಾ" ಎಂದಳು. ಗಟ್ಟಿಯಾಗಿ ಹೇಳಲಿಲ್ಲ. ಸುಧಕ್ಕ ಇಡ್ಲಿ ತಟ್ಟೆಯ ಸ್ಕ್ರೂಗಳನ್ನು ಒಂದು ಗುಳಿಯಿಂದ ಇನ್ನೊಂದಕ್ಕೆ ಹಾಕುತ್ತಿದ್ದಳು.

ಶನಿವಾರ ಬೆಳಿಗ್ಗೆ ವಾರಿಜತ್ತೆ ಬಂದು ವಿಚಾರಣೆಗೆ ಕೂತರು.

"ನಿನ್ನೆ ಸಂಜೆಯಿಂದ ಇದನ್ನ ಮುಟ್ಟಿದವರು ಯಾರ್ಯಾರು?"

ಸುಧಕ್ಕ ಸ್ವಿಚ್ಚು ಮಾತ್ರ. ನಾನು ಕರೆಂಟು ಬಂದ ಮೇಲೆ ಹಿಂದಿನ ವೈರನ್ನು ಒಂದು ಸಲ ಅಲುಗಾಡಿಸಿದ್ದೆ. "ಒಂದೇ ಸಲಾನಾ?" ಎಂದು ಕೇಳಿದರು. ಎರಡು ಸಲ ಎಂದೆ. "ಹೂಂ, ಆಮೇಲೆ?" ಒಂದು ತಟ್ಟು ಕೂಡ ತಟ್ಟಿದ್ದೆ ಎಂದೆ. ಅಮ್ಮ ಬೆಳಿಗ್ಗೆ ಧೂಳು ಒರೆಸಿದ್ದಳು.

"ಹೊರಗಾ, ಒಳಗಾ?"

"ಹೊರಗೆ ಕಣೆ. ಒಳಗೆ ನೋಡಿದ್ರೆ ನಂಗೆ ತಲೆ ಸುತ್ತುತ್ತೆ."

"ಮಾಮಿ?"

"ನಾನು ಉಯ್ಯಾಲೆ ಬಿಟ್ಟು ಇಳಿದಿದ್ರೆ ಈ ಮನೆಗೆಲ್ಲಾ ಗೊತ್ತಾಗ್ತಿತ್ತು. ನನ್ನ ಮಂಡಿ ನಿನ್ನ ಡಬ್ಬಕ್ಕಿಂತ ಜೋರಾಗಿ ಕೂಗತ್ತೆ" ಎಂದಳು ಅಜ್ಜಿ.

ತಮ್ಮನ್ನು ಮಾತ್ರ ಅವರು ಕೇಳಿಕೊಳ್ಳಲಿಲ್ಲ. ಇದು ನನಗೆ ಹೊಳೆದದ್ದು ಎಷ್ಟೋ ವರ್ಷಗಳ ಮೇಲೆ.

ನಂತರ ಒಂದೊಂದೇ ಪರೀಕ್ಷೆ. ಅವರ ಕ್ರಮವೆಂದರೆ ಒಂದು ಸಲಕ್ಕೆ ಒಂದನ್ನೇ ಬದಲಿಸುವುದು. ಎರಡು ಬದಲಿಸಿದರೆ ಯಾವುದರಿಂದ ಸರಿಹೋಯಿತು ಎಂಬುದು ತಿಳಿಯುವುದಿಲ್ಲ, ತಿಳಿಯದೆ ಸರಿಹೋದದ್ದು ಮತ್ತೆ ಕೆಡುತ್ತದೆ ಎನ್ನುತ್ತಿದ್ದರು. ವೈರು ಬದಲಿಸಿದರು. ಸಿಡಿ ಡ್ರೈವಿನ ಕೇಬಲು ಕಿತ್ತು ನೋಡಿದರು. ಬೋರ್ಡಿನ ಮೇಲಿನ ಗುಂಡಿಯಂಥ ಬ್ಯಾಟರಿ ತೆಗೆದು, ಹತ್ತು ನಿಮಿಷ ಕಾದು, ಹಾಕಿದರು. ಪ್ರತಿ ಸಲವೂ ಸುಧಕ್ಕ ಸ್ವಿಚ್ಚು ಹಾಕುವಳು, ಡಬ್ಬ ಕೂಗುವುದು. ಹೊತ್ತು ಏರಿತು. ಬೀದಿಯಲ್ಲಿ ನೀರಿನ ಲಾರಿ ಬಂದು ಅಮ್ಮ ಕೊಡ ಹಿಡಿದು ಓಡಿದಳು, ಬಂದಳು. ಸುಧಕ್ಕ ಸ್ವಿಚ್ಚಿನ ಹತ್ತಿರದಿಂದ ಏಳಲೇ ಇಲ್ಲ. ಸ್ವಿಚ್ಚು ಹಾಕುವಾಗ ಅವಳು ಕಣ್ಣು ಮುಚ್ಚಿಕೊಳ್ಳುತ್ತಿದ್ದಳು.

ವಾರಿಜತ್ತೆ ಮತ್ತೆ ರ್ಯಾಮ್ ತೆಗೆದರು. ಒಳಗೆ ನೋಡು ಎಂದು ನನ್ನ ಕೈಗೆ ಟಾರ್ಚು ಕೊಟ್ಟರು. ಅವರ ಕನ್ನಡಕ ಹತ್ತಿರಕ್ಕೆ ಸಾಲದು. ಸಂದಿನೊಳಗೆ ಬೆಳಕು ಬಿಟ್ಟೆ.

"ಅತ್ತೆ, ಒಳಗೆ ಏನೋ ಕೆಂಪಗಿದೆ."

ಅವರು ಕೈಯಲ್ಲಿದ್ದ ಪಟ್ಟಿಯನ್ನು ಪೇಪರಿನ ಮೇಲಿಟ್ಟರು.

"ಪುಡಿ ಥರ ಇದೆ. ಇನ್ನೊಂದರಲ್ಲೂ ಇದೆ." ಪೇಪರಿನ ಮೇಲಿದ್ದ ಹೊಸ ಪಟ್ಟಿಯನ್ನು ಅಂಚು ಹಿಡಿದು ತಿರುಗಿಸಿದೆ. ನಡುವಿನ ಕಪ್ಪು ಚಿಪ್ಪಿನ ಮೇಲೆ, ಕರಿ ಹಣೆಯ ಮೇಲೆ ಇಟ್ಟಂತೆ, ಒಂದು ಮಸುಕಾದ ಕೆಂಪು ಬೊಟ್ಟಿತ್ತು. ಒಣ ಕುಂಕುಮ. ಪಟ್ಟಿಯನ್ನು ನಿಲ್ಲಿಸಿ ಒತ್ತಿದಾಗೆಲ್ಲ ಅದು ಉದುರಿ ಸಂದಿಗೆ ಇಳಿದಿದೆ, ಹಲ್ಲುಗಳ ಮಧ್ಯೆ ಕೂತಿದೆ. ಅದಲು ಬದಲು ಮಾಡಿ ನಾವು ಎರಡು ಸಂದಿಗೂ ಹಂಚಿದ್ದೆವು.

"ಕುಂಕುಮ, ಅಜ್ಜಿ" ಎಂದೆ. ಯಾಕೆ ಅಜ್ಜಿಗೆ ಹೇಳಿದೆನೋ ಗೊತ್ತಿಲ್ಲ.

ಉಯ್ಯಾಲೆ ನಿಂತಿತು. "ಕುಂಕುಮಾನಾ? ಅದಕ್ಕೆ ಕುಂಕುಮ ಇಟ್ಟೋರು ಯಾರು?"

ಸುಧಕ್ಕ ನನ್ನ ಮುಖ ನೋಡಿದಳು. ವಾರಿಜತ್ತೆ ತಮ್ಮ ಬಲಗೈಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದರು. ಡಬ್ಬದೊಳಗೆ ನೋಡುತ್ತಿದ್ದರು.

"ನಾನೇ ಇಟ್ಟೆ" ಎಂದಳು ಅಮ್ಮ.

ಅವಳು ಅಡುಗೆಮನೆಯ ಹೊಸಿಲಲ್ಲಿ ನಿಂತಿದ್ದಳು, ಸೀರೆಯ ಅಂಚು ನೀರಿನ ಲಾರಿಯಿಂದ ಒದ್ದೆಯಾಗಿತ್ತು. "ಹೊಸ ಸಾಮಾನಲ್ವಾ. ದೇವರ ಮುಂದೆ ಇತ್ತು, ಹೋಗಿ ಒಂದು ಚೂರು ಇಟ್ಟುಬಂದೆ. ನಂಗೇನು ಗೊತ್ತು ಅದು ಹಿಂಗೆ ಮಾಡತ್ತೆ ಅಂತ."

ಈಗ ಆ ಮೂರು ಪ್ರಶ್ನೆಗಳು ಬರಬೇಕಿತ್ತು. ಮುಂಚೇನಾ, ಆಮೇಲಾ? ಕೈಯೆಲ್ಲ ದೋಸೆಹಿಟ್ಟು ಎಂದವಳು ಯಾವಾಗ ತೊಳೆದೆ? ಅಷ್ಟೇ ಅಲ್ಲ. ಅಮ್ಮ ಎಂದಾದರೂ ಅರಿಶಿನ ಇಡದೆ ಕುಂಕುಮ ಇಟ್ಟವಳಲ್ಲ. ಮೊದಲು ಅರಿಶಿನದ ಬೊಟ್ಟು, ಅದರ ಮೇಲೆ ಕುಂಕುಮ. ಕುಕ್ಕರಿನ ಮೇಲೆ, ಬೀರುವಿನ ಮೇಲೆ, ಅಪ್ಪನ ಸೈಕಲಿನ ಮೇಲೆ, ಎಲ್ಲೆಲ್ಲೂ ಹಾಗೆಯೇ. ಆ ಚಿಪ್ಪಿನ ಮೇಲೆ ಅರಿಶಿನ ಇರಲಿಲ್ಲ. ಬಟ್ಟಲನ್ನು ಕೈಯಲ್ಲಿ ಹಿಡಿಯುವ ರೂಢಿ ತಪ್ಪಿದವರು, ಬೇಗ, ಬೆರಳ ತುದಿಯಲ್ಲಿ ಇಟ್ಟ ಹಾಗಿತ್ತು ಅದು.

ವಾರಿಜತ್ತೆ ತಲೆಯೆತ್ತಿ ಅಮ್ಮನನ್ನು ನೋಡಿದರು. ಅಮ್ಮನೂ ನೋಡಿದಳು.

"ಶರಿ" ಎಂದರು ವಾರಿಜತ್ತೆ.

ಅಷ್ಟೇ. ಸತ್ತವರನ್ನು ಬಾಗಿಲಲ್ಲಿ ನಿಲ್ಲಿಸಿ ವಿಚಾರಿಸಿದ ಹೆಂಗಸು ಆ ಹೇಳಿಕೆಯನ್ನು ಒಂದು ಮಾತಿನಲ್ಲಿ ಒಪ್ಪಿಕೊಂಡರು. ಎದ್ದು ಹೋಗಿ ನಲ್ಲಿಯನ್ನು ಮತ್ತೊಮ್ಮೆ ಮುಟ್ಟಿ ಬಂದರು. ಸ್ವಲ್ಪ ತಡವಾಗಿ ಬಂದರು.

ಆಮೇಲಿನದು ಸುಲಭ. ಕೋಡಂಬಾಕ್ಕಂನಲ್ಲಿ ಸಿನಿಮಾ ಮೇಕಪ್ ಕೆಲಸ ಮಾಡುತ್ತಿದ್ದ ಅವರ ಭಾವ ಕೊಟ್ಟ ಒಂದು ಹಳೆಯ ಬ್ರಶ್ ಅವರ ಹತ್ತಿರ ಇತ್ತು. ಯಾವ ಯಾವ ನಾಯಕಿಯ ಕೆನ್ನೆಗೆ ಪೌಡರು ಬಳಿದದ್ದೋ, ಅಷ್ಟು ಮೆದು. ಅದರಿಂದ ಎರಡು ಸಂದಿನ ಪುಡಿಯನ್ನೂ ಗುಡಿಸಿ, ಊದಿ, ಮತ್ತೆ ಗುಡಿಸಿದರು. ಚಿನ್ನದ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿದರು. ಚಿಪ್ಪಿನ ಮೇಲಿನ ಬೊಟ್ಟನ್ನು ಒರೆಸಲು ಬಟ್ಟೆಯ ತುದಿ ತಂದವರು ಒಂದು ಗಳಿಗೆ ತಡೆದು, ನನ್ನ ಕೈಗೆ ಕೊಟ್ಟರು. "ನೀನು ಒರಸು ಡಾ." ನಾನು ಒರೆಸಿದೆ.

ಪಟ್ಟಿಗಳು ಕೂತವು. ಸುಧಕ್ಕ ಕಣ್ಣು ಮುಚ್ಚಿ ಸ್ವಿಚ್ಚು ಹಾಕಿದಳು.

ಒಂದು ಗಿಡ್ಡ ಕೂಗು. ನಂತರ ಮೌನ. ಪರದೆಯ ಮೇಲೆ ಅಂಕಿಗಳು ಓಡತೊಡಗಿದವು, ಹಳೆಯ ಅಂಕಿಯನ್ನು ದಾಟಿ ಅದರ ಎರಡರಷ್ಟಕ್ಕೆ ಹೋಗಿ ನಿಂತವು.

"ಕಣ್ಣು ಬಿಡೇ" ಎಂದರು ವಾರಿಜತ್ತೆ.

ಉಯ್ಯಾಲೆ ಮತ್ತೆ ಶುರುವಾಗಿತ್ತು. "ಕುಂಕುಮ ಇಟ್ಟಿದ್ದು ಒಳ್ಳೇದೇ ಆಯ್ತು ಬಿಡಿ, ಯಾರ್ ಇಟ್ಟರೂನೂ" ಎಂದಳು ಅಜ್ಜಿ, ನಮ್ಮ ಯಾರ ಕಡೆಗೂ ನೋಡದೆ.

ಸುಧಕ್ಕ ಆ ದಿನವೂ ಭಾನುವಾರವೂ ಕಿವಿಗೆ ಹೆಡ್‌ಫೋನ್ ಹಾಕಿ ಕೂತು, ಕಂಡಿಲ್ಲದ ರೋಗಿಗಳ ಮೂತ್ರಪಿಂಡ, ಮಂಡಿಚಿಪ್ಪು ಎಲ್ಲವನ್ನೂ ಟೈಪು ಮಾಡಿದಳು. ಸೋಮವಾರ ಅಡಯಾರಿಗೆ ಹೋಗಿ ಬಂದವಳು ಚಪ್ಪಲಿ ಬಿಡುತ್ತಲೇ "ಶುರು ಮಾಡಿ ಅಂದ್ರು" ಎಂದಳು. ಪೊಂಗಲ್ ಆದ ಮೇಲೆ ಅಜ್ಜಿ ಯಾರ ಜೊತೆಯೂ ಮಾತಿಗೆ ಕೂರಲಿಲ್ಲ.

ಮುಂದಿನ ಶುಕ್ರವಾರದ ಬಗ್ಗೆ ಎರಡು ಕಥೆಗಳಿವೆ. ಹೆಂಗಸರು ಬಂದಾಗ ಅಮ್ಮ ಮೆಟ್ಟಿಲ ಬುಡದಲ್ಲಿ ನಿಂತು, "ವಾರಿಜಾ, ಬಟ್ಟೆ ಆಮೇಲೆ ತಂದ್ರಾಯ್ತು, ಕಾಫಿ ಆರತ್ತೆ ಬಾ" ಎಂದು ಕೂಗಿದ್ದು ನಮ್ಮಿಬ್ಬರಿಗೂ ನೆನಪಿದೆ. ವಾರಿಜತ್ತೆ ಇಳಿದು ಬಂದು ಉಯ್ಯಾಲೆಯ ಪಕ್ಕ ಕೂತು ಎಲ್ಲರ ಜೊತೆ ಕಾಫಿ ಕುಡಿದರು ಎನ್ನುತ್ತಾಳೆ ಸುಧಕ್ಕ. ನನಗೆ ಕಾಣುವುದು ಖಾಲಿ ಮೆಟ್ಟಿಲು, ಮೇಲಿನ ಬಾಗಿಲಲ್ಲಿ ಸ್ವಲ್ಪ ಬೆಳಕು. ಸುಧಕ್ಕನ ಕಥೆ ನನಗೂ ಬೇಕು. ಅದಕ್ಕೇ ಅದನ್ನು ನಂಬಲು ಹೆದರಿಕೆ.

ಆ ಮನೆಯನ್ನು ಕೆಡವಿ ಫ್ಲ್ಯಾಟು ಕಟ್ಟಿದರು. ಅಜ್ಜಿ ಹೋದಳು, ಕೆಲವು ವರ್ಷಕ್ಕೆ ಅಮ್ಮನೂ. ವಾರಿಜತ್ತೆ ಪುರಸೈವಾಕ್ಕಂನಲ್ಲಿ, ಬಟ್ಟೆ ಅಂಗಡಿಗಳ ಗದ್ದಲದ ಮೇಲಿನ ಮೂರನೆಯ ಮಹಡಿಯಲ್ಲಿ, ಒಂದು ಚಿಕ್ಕ ಫ್ಲ್ಯಾಟಿಗೆ ಹೋದರು. ನಾನು ಮೊದಲ ಲ್ಯಾಪ್‌ಟಾಪು ಕೊಂಡಾಗ ತೋರಿಸಲು ಹೋದೆ. ಅದೇ ಕೊನೆಯ ಭೇಟಿ; ಆ ಬೇಸಗೆ ಮುಗಿಯುವುದರೊಳಗೆ ಅವರು ತೀರಿಕೊಂಡರು. ಸುದ್ದಿ ತಡವಾಗಿ ಬಂತು, ನನಗೆ ಹೋಗಲಾಗಲಿಲ್ಲ.

ಅವತ್ತು ಕಾಫಿ ಕೊಟ್ಟು ಎದುರಿಗೆ ಕೂತರು. ತೆಳ್ಳಗಾಗಿದ್ದರು. ಸುಧಕ್ಕನ ಕೈಕೆಳಗೆ ಈಗ ಎಷ್ಟೋ ಜನ ಟೈಪು ಮಾಡುತ್ತಾರೆ ಎಂದಾಗ, "ಅವಳು ಈಗಲೂ ಕಣ್ಣು ಮುಚ್ಕೊಂಡೇ ಸ್ವಿಚ್ ಹಾಕ್ತಾಳಾ?" ಎಂದು ನಕ್ಕರು. ಆ ನಗು ನೋಡಿ ನನಗೆ ಧೈರ್ಯ ಬಂತು.

"ಅತ್ತೆ, ಅಮ್ಮ ಅರಿಶಿನ ಇಡದೆ ಕುಂಕುಮ ಇಡ್ತಿರಲಿಲ್ಲ ಅಲ್ವಾ?"

ಅವರು ಲೋಟ ಕೆಳಗಿಟ್ಟರು. "ಕಥೆ ಬೇಡ. ನೀನೇ ನೋಡಿದ್ಯಾ, ಯಾರಾದ್ರೂ ಹೇಳಿದ್ದಾ?"

"ನೋಡಿಲ್ಲ."

"ಆ ಹಲ್ಲು ಚಿನ್ನದ ಬಣ್ಣ. ಅರಿಶಿನ ಉದುರಿ ಅದರ ಮೇಲೆ ಬಿದ್ದಿದ್ರೆ ನಿಂಗೆ ಕಾಣ್ತಿತ್ತಾ?"

"ಗೊತ್ತಿಲ್ಲ."

"ಮತ್ತೆ? ಲಲಿತಾ ಹೇಳಿಕೆ ಕೊಟ್ಟಿದ್ದಾಳೆ. ನಾನು ಅದನ್ನ ಪಾಸ್ ಮಾಡಿದೀನಿ. ಮುಗೀತು." ಆಮೇಲೆ ಬೀದಿಯ ಕಡೆ ನೋಡುತ್ತ, "ಅಂಥ ಹೇಳಿಕೆ ನಂಗೆ ಇನ್ಯಾರೂ ಕೊಡ್ಲಿಲ್ಲ" ಎಂದರು.

ಚೀಲದಿಂದ ಲ್ಯಾಪ್‌ಟಾಪು ತೆಗೆದು ಮೇಜಿನ ಮೇಲಿಟ್ಟೆ. ಅವರ ಕಣ್ಣು ಹಳೆಯ ಹಾಗೆ ಅರಳಿತು. ಎತ್ತಿ, ತಿರುಗಿಸಿ, ತಳದ ಸ್ಕ್ರೂಗಳನ್ನು ನೋಡಿದರು. ಮೆಲ್ಲಗೆ ಎದ್ದು ಅಡುಗೆಮನೆಯ ಕಡೆ ಎರಡು ಹೆಜ್ಜೆ ಹೋದವರು ನಿಂತರು. "ಇಲ್ಲಿ ಎಲ್ಲಾ ಪ್ಲಾಸ್ಟಿಕ್ ಪೈಪು. ಮುಟ್ಟಿ ಏನ್ ಬಂತು" ಎಂದು ಕಿಟಕಿಯ ಕಬ್ಬಿಣದ ಸರಳನ್ನು ಹಿಡಿದು, ಬಿಟ್ಟು, ಬಂದು ಕೂತರು. ಗಡಿಯಾರ ತೆಗೆದರು. ಬಳೆ ತೆಗೆದರು.

ಆಮೇಲೆ ಬಲಗೈಯ ಉಂಗುರದ ಬೆರಳನ್ನು ಚಾಚಿ, ಮುಚ್ಚಿದ ಲ್ಯಾಪ್‌ಟಾಪಿನ ನಡುಮಧ್ಯದಲ್ಲಿ, ತುದಿಯಿಂದ ಒಂದು ಸಲ ಒತ್ತಿದರು. ಬೆರಳಲ್ಲಿ ಏನೂ ಇರಲಿಲ್ಲ.

"ಶರಿ, ಈಗ ಆನ್ ಮಾಡು" ಎಂದರು. "ಕೂಗತ್ತಾ ನೋಡೋಣ."